ಎರಡು ಬೆರಳಿನ ಸಂದು

ಹೊಳೆಗಳಿಗೆ ಇನ್ನೂ ದಾರಿ ಸರಿಯಾಗಿ ಗೊತ್ತಿರದ ಕಾಲ ಅದು. ಬೆಟ್ಟಗಳ ಮೈ ಇನ್ನೂ ಬೆಚ್ಚಗಿತ್ತು. ಕಲ್ಲುಗಳ ಅಂಚು ಸವೆದಿರಲಿಲ್ಲ. ಯಾವ ದಿಕ್ಕು ತನ್ನದು ಎಂದು ಗಾಳಿಗೆ ಯಾರೂ ಹೇಳಿರಲಿಲ್ಲ. ಲೋಕ ಹೊಸದು, ಹೊಸ ಲೋಕದಲ್ಲಿ ಯಾರಿಗೂ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ.

ಎಲ್ಲರಿಗಿಂತ ಹೆಚ್ಚು ಚಡಪಡಿಕೆ ಎಳೆಹೊಳೆಗೆ. ಬೆಳಿಗ್ಗೆ ಎಡಕ್ಕೆ ಹರಿಯುತ್ತಿತ್ತು, ಮಧ್ಯಾಹ್ನಕ್ಕೆ ಬೇಜಾರಾಗಿ ಬಲಕ್ಕೆ ಹೊರಳುತ್ತಿತ್ತು.

"ಇತ್ಲಾಗೋ, ಅತ್ಲಾಗೋ?" ಎಂದು ಗಾಳಿಯನ್ನು ಕೇಳುತ್ತಿತ್ತು.

"ನಂಗೇನ್ ಗೊತ್ತು? ನಾನೇ ದಾರಿ ಕೇಳ್ಕಂಡು ಹೊಂಟಿವ್ನಿ" ಎನ್ನುತ್ತಿತ್ತು ಗಾಳಿ.

ಹೊಳೆಯೊಳಗಿನವರೂ ಹಾಗೆಯೇ. ಸಸಲು ಮೀನಿನ ಮರಿಗಳು ಹಿಂಡುಹಿಂಡಾಗಿ ಮೇಲಕ್ಕೂ ಕೆಳಕ್ಕೂ ಓಡುತ್ತಿದ್ದವು. ಗೆಂಡೆ ಮೀನು ಸುಮ್ಮಸುಮ್ಮನೆ ನೆಗೆದು ಬೀಳುತ್ತಿತ್ತು. ನೀರುನಾಯಿಯ ಸಂಸಾರ ದಿನಕ್ಕೆ ಮೂರು ಸಲ ಮನೆ ಬದಲಿಸುತ್ತಿತ್ತು. ಮರಳಿನಲ್ಲಿ ಹುದುಗಿದ್ದ ಕಪ್ಪೆಚಿಪ್ಪುಗಳು ಕೂಡ ಬಾಯಿ ತೆಗೆದು ಮುಚ್ಚಿ, ತೆಗೆದು ಮುಚ್ಚಿ, ನೀರು ಕುಡಿದು ಸೋಸಿ ಉಗುಳುವುದರಲ್ಲೇ ಹೊತ್ತು ಕಳೆಯುತ್ತಿದ್ದವು.

ಇಡೀ ಹೊಳೆಯಲ್ಲಿ ಅಲುಗದೆ ಕೂರುತ್ತಿದ್ದುದು ಒಂದೇ ಜೀವ. ಕಪ್ಪು ಬೆನ್ನಿನ, ಬಿಳಿ ಹೊಟ್ಟೆಯ, ಬಿಳಿ ಹುಬ್ಬಿನ ಒಂದು ಹಕ್ಕಿ. ನಡುನೀರಿನ ಬಂಡೆಯ ಮೇಲೆ ಕೂತಿತೆಂದರೆ ಕೂತಿತು. ಇದೂ ಬಂಡೆಯೇ ಇರಬೇಕೆಂದು ಬಸವನಹುಳು ಅದರ ಕಾಲು ಹತ್ತಿ ಬೆನ್ನ ಮೇಲೆ ನಿದ್ದೆ ಹೊಡೆಯುತ್ತಿತ್ತು. ಹಕ್ಕಿ ಬೇಡವೆನ್ನುತ್ತಿರಲಿಲ್ಲ. ನೊಣವೋ ಸೊಳ್ಳೆಯೋ ತಾನಾಗಿ ಕೊಕ್ಕಿನ ಬಳಿ ಬಂದರೆ ಗುಳುಂ ಎನ್ನಿಸಿ, ಮತ್ತೆ ಸುಮ್ಮನಾಗುತ್ತಿತ್ತು. ಅಷ್ಟು ಸೋಮಾರಿ, ಅಷ್ಟು ಸುಖಿ.

ಹೊಳೆಯ ಪಕ್ಕದಲ್ಲಿ ಒಂದು ಹಟ್ಟಿ, ಬಂಡೆಹಟ್ಟಿ. ಅಲ್ಲಿಯವರದು ಕೂಳಿ ಹೆಣೆಯುವ ಕಸುಬು. ಕೂಳಿ ಅಂದರೆ ಬಿದಿರಿನ ಸೀಳುಗಳಿಂದ ಹೆಣೆದ, ಬಾಯಿ ಅಗಲವಾಗಿ ತುದಿ ಚೂಪಾದ ಬುಟ್ಟಿ. ಹರಿಯುವ ನೀರಿಗೆ ಅಡ್ಡವಾಗಿ ಕಲ್ಲು ಮಣ್ಣಿನ ಒಡ್ಡು ಕಟ್ಟಿ, ನಡುವೆ ಬಿಟ್ಟ ಕಿಂಡಿಗೆ ಕೂಳಿ ಇಟ್ಟರೆ ಮೀನು ತಾನಾಗಿ ನುಗ್ಗುತ್ತದೆ. ನುಗ್ಗಿದ್ದು ಹಿಂದಕ್ಕೆ ಬರಲಾರದು.

ಹಟ್ಟಿಯವರು ಮೊದಲ ಸಲ ಕೂಳಿ ಹಿಡಿದು ನೀರಿಗೆ ಇಳಿದ ದಿನ ಎಳೆಹೊಳೆ ಅವರ ಮೊಣಕಾಲಿನ ಸುತ್ತ ಸುತ್ತಿ ಒಂದು ಮಾತು ಹೇಳಿತ್ತು.

"ದೊಡ್ಡವು ನಿಮ್ಗೆ. ಮರಿ ನಂಗೆ. ನಿಮ್ ಕೂಳಿ ಸಂದಿನಾಗೆ ಎಲ್ಡು ಬೆಳ್ಳು ಸಲೀಸಾಗಿ ಹೋಗ್ಬೇಕು. ಅಷ್ಟೇ ನಾನ್ ಕೇಳೋದು."

ಅಂದಿನಿಂದ ಅದೇ ಪದ್ಧತಿಯಾಯಿತು. ಯಾರ ಮನೆಯಲ್ಲಿ ಹೊಸ ಕೂಳಿ ಹೆಣೆದರೂ ನೀರಿಗೆ ಇಳಿಸುವ ಮೊದಲು ಹಟ್ಟಿಯ ಹಿರಿಯಳು ಬರುತ್ತಿದ್ದಳು. ಸೀಳು ಸೀಳಿನ ನಡುವೆ ತನ್ನ ಎರಡು ಬೆರಳು ಜೋಡಿಸಿ ಇಳಿಸಿ ನೋಡುತ್ತಿದ್ದಳು. ಹೋದರೆ ಸರಿ. ಹೋಗದಿದ್ದರೆ ಬಿಚ್ಚಿ ಮತ್ತೆ ಹೆಣೆಯಬೇಕು. ದೊಡ್ಡ ಮೀನು ಕೂಳಿಯಲ್ಲಿ ಉಳಿಯುತ್ತಿತ್ತು, ಮರಿ ಮೀನು ಸಂದಿನಿಂದ ನುಸುಳಿ ಹೋಗುತ್ತಿತ್ತು.

ಆ ಹಟ್ಟಿಯಲ್ಲಿ ಜವನಿ ಎಂಬ ಹೆಂಗಸು. ಅವಳಷ್ಟು ಚೆನ್ನಾಗಿ ಕೂಳಿ ಹೆಣೆಯುವವರು ಏಳು ಹಟ್ಟಿಯಲ್ಲಿ ಇರಲಿಲ್ಲ. ಅವಳ ಕೈ ಸುಮ್ಮನಿದ್ದುದನ್ನು ಯಾರೂ ಕಂಡಿರಲಿಲ್ಲ. ಮಾತಾಡುವಾಗಲೂ ಸೀಳು ತೀಡುತ್ತಿದ್ದಳು, ಉಣ್ಣುವಾಗಲೂ ಎಡಗೈಯಲ್ಲಿ ನಾರು ಹೊಸೆಯುತ್ತಿದ್ದಳು.

"ಒಸಿ ಕುಂತ್ಕಳೇ" ಎನ್ನುತ್ತಿದ್ದ ಗಂಡ ಮಂಚ.

"ಕುಂತೇ ಇವ್ನಿ" ಎನ್ನುತ್ತಿದ್ದಳು ಜವನಿ. ಹಾಗೆನ್ನುವಷ್ಟರಲ್ಲಿ ಎದ್ದಿರುತ್ತಿದ್ದಳು.

ಅವಳ ಚಡಪಡಿಕೆಗೆ ಒಂದು ಕಾರಣವಿತ್ತು. ಚಿಕ್ಕವಳಿದ್ದಾಗ ಒಂದು ಸಲ ಅವರ ಮನೆಯಲ್ಲಿ ಮೂರು ದಿನ ಒಲೆ ಹತ್ತಿರಲಿಲ್ಲ. ಆ ಮೂರು ದಿನದ ಹಸಿವು ಹೊಟ್ಟೆಯಿಂದ ಹೋಗಿತ್ತು, ಮನಸ್ಸಿನಿಂದ ಹೋಗಿರಲಿಲ್ಲ. ಮೂಲೆಯಲ್ಲಿ ಒಂದರ ಮೇಲೊಂದು ಪೇರಿಸಿದ ಅಡಕಲು ಮಡಕೆ ತುಂಬಿದ್ದರೂ ಒಳಗೊಂದು ದನಿ ಪಿಸುಗುಡುತ್ತಿತ್ತು: ಸಾಲದು, ಸಾಲದು.

ಹೆಣ್ಣುಮಗು ಹುಟ್ಟಿದ ಮೇಲೆ ಆ ದನಿ ಇನ್ನೂ ಜೋರಾಯಿತು. ಮಗುವಿನ ಹೆಸರು ಪುಟ್ಟೀರಿ. ದುಂಡು ಕೆನ್ನೆ, ದುಂಡು ಬೆರಳು. ಪುಟ್ಟೀರಿಯ ಮುಖ ನೋಡಿದಾಗಲೆಲ್ಲ ಜವನಿಗೆ ಆ ಹತ್ತದ ಒಲೆಯೇ ನೆನಪಾಗುತ್ತಿತ್ತು. ನನ್ನ ಮಗಳಿಗೆ ಆ ಮೂರು ದಿನ ಬರಬಾರದು ಎಂದುಕೊಳ್ಳುತ್ತಿದ್ದಳು. ಕೂಳಿ ಎತ್ತುವಾಗ ಮರಿಗಳು ಸಂದಿನಿಂದ ಸರಸರ ಜಾರಿ ಹೋದರೆ ಅವಳು ಒಂದೊಂದನ್ನೂ ಎಣಿಸುತ್ತಿದ್ದಳು. ಅಯ್ಯೋ, ಹೋಯಿತು. ಅಗೋ, ಅದೂ ಹೋಯಿತು.

ಒಂದು ದಿನ ಜವನಿ ಹಟ್ಟಿಯ ಮುಂದಿನ ಬಂಡೆಯ ಮೇಲೆ ಕೂತು ಕೂಳಿ ಹೆಣೆಯುತ್ತಿದ್ದಳು. ಪುಟ್ಟೀರಿ ತೊಡೆಯ ಮೇಲಿದ್ದಳು. ಕೈಗೆ ಸಿಕ್ಕಿದ್ದನ್ನೆಲ್ಲ ಹಿಡಿಯುವ ವಯಸ್ಸು. ಮಗು ಕೂಳಿಯನ್ನು ತಡವಿತು, ಬಿದಿರ ಸೀಳುಗಳ ನಡುವೆ ಎರಡು ಬೆರಳು ತೂರಿಸಿ ಕೇಕೆ ಹಾಕಿತು.

ಜವನಿಯ ಕೈ ನಿಂತಿತು. ಅಪರೂಪಕ್ಕೆ ನಿಂತ ಕೈ ಅದು.

ಅವಳು ಮಗುವಿನ ಬೆರಳು ನೋಡಿದಳು. ಸಂದು ನೋಡಿದಳು. ಹೆಣೆದದ್ದನ್ನೆಲ್ಲ ಬಿಚ್ಚಿ, ಪುಟ್ಟೀರಿಯ ಎರಡು ಬೆರಳು ಹೋಗುವಷ್ಟೇ ಸಂದು ಬಿಟ್ಟು ಹೊಸದಾಗಿ ಹೆಣೆದಳು. ಮುಗಿದಾಗ ಕೂಳಿ ಎಷ್ಟು ದಟ್ಟವಾಗಿತ್ತೆಂದರೆ ಅದರಲ್ಲಿ ರಾಗಿ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಜರಡಿ ಹಿಡಿಯಬಹುದಿತ್ತು.

ಹಟ್ಟಿಯ ಹಿರಿಯಳು ಸಾತಜ್ಜಿ ಕೋಲೂರಿಕೊಂಡು ಬಂದಳು. ಬೆರಳು ಜೋಡಿಸಿ ಸಂದಿಗೆ ಇಟ್ಟಳು. ಬೆರಳು ಹೋಗಲಿಲ್ಲ. ಇನ್ನೊಂದು ಸಂದಿಗೆ ಇಟ್ಟಳು. ಅಲ್ಲೂ ಹೋಗಲಿಲ್ಲ.

"ಏನೇ ಇದು, ಜವನೀ? ನನ್ ಉಗುರೂ ತೂರಾಕಿಲ್ಲ."

"ಎಲ್ಡು ಬೆಳ್ಳು ಹೋಯ್ತದೆ ಕಣಜ್ಜಿ. ಇಲ್ನೋಡು" ಎಂದು ಜವನಿ ಪುಟ್ಟೀರಿಯ ಕೈ ಹಿಡಿದು ಎರಡು ಬೆರಳು ಸಂದಿಗೆ ಇಳಿಸಿದಳು. ಸಲೀಸಾಗಿ ಹೋಯಿತು. "ಎಲ್ಡು ಬೆಳ್ಳು ಅಂದಿತ್ತು ಹೊಳೆ. ಮುದುಕೀರ್ ಬೆಳ್ಳೇ ಆಗ್ಬೇಕು ಅಂದಿತ್ತಾ?"

ಸಾತಜ್ಜಿ ಆಗಲೇ ಬೇಡವೆಂದಿದ್ದರೆ ಆಗಿತ್ತು. ಆದರೆ ಅಜ್ಜಿಗೆ ನಗು ಬಂದುಬಿಟ್ಟಿತು. ಹಲ್ಲಿಲ್ಲದ ಬಾಯಿ ತುಂಬ ನಕ್ಕು, "ಬಲೇ ಕಿಲಾಡಿ ಕಣೇ ನೀನು" ಎಂದು ಮಗುವಿನ ಕೆನ್ನೆ ಚಿವುಟಿ ಹೊರಟುಹೋದಳು.

ಮಾತು ಹಟ್ಟಿಯಲ್ಲಿ ಹಬ್ಬಲು ಎಷ್ಟು ಹೊತ್ತು ಬೇಕು? ಮರುದಿನದಿಂದ ಪುಟ್ಟೀರಿಗೆ ಪುರುಸೊತ್ತೇ ಇಲ್ಲ. ಈ ಮನೆಯವರು ಎತ್ತಿಕೊಂಡು ಹೋದರು, ಆ ಮನೆಯವರು ಎತ್ತಿಕೊಂಡು ಹೋದರು. ಅವಳ ಎರಡು ಬೆರಳು ಹಿಡಿದು ಕೂಳಿಯ ಮೇಲೆ ಕೂಳಿ ಅಳೆದರು. ಅಳೆದ ಮೇಲೆ ಬಾಯಿಗೆ ಜೇನು ಸವರಿ ಕಳಿಸಿದರು. ಅಷ್ಟು ಚಿಕ್ಕ ವಯಸ್ಸಿಗೆ ಅಷ್ಟು ದೊಡ್ಡ ಕೆಲಸ ಹಿಡಿದ ಮಗು ಇನ್ನೊಂದಿಲ್ಲ ಎಂದು ಮಂಚ ಮೀಸೆ ತಿರುವಿದ.

ಮೊದಲು ಹೊಳೆಗೆ ಅಲ್ಲೊಂದು ಇಲ್ಲೊಂದು ಒಡ್ಡು ಇತ್ತು. ಈಗ ಈ ದಡದಿಂದ ಆ ದಡಕ್ಕೆ ಒಂದೇ ಒಡ್ಡು ಎದ್ದಿತು. ಒಡ್ಡಿನ ಉದ್ದಕ್ಕೂ ಕೂಳಿ, ಕೂಳಿಯ ಪಕ್ಕದಲ್ಲಿ ಕೂಳಿ. ಎಳೆಹೊಳೆ ಬಂದು ಬಂದು ಡಿಕ್ಕಿ ಹೊಡೆಯಿತು. ನೀರು ಸಂದಿನಿಂದ ಸೋರಿ ಹೋಯಿತು. ನೀರನ್ನು ಬಿಟ್ಟು ಬೇರೆ ಯಾವುದೂ ಹೋಗಲಿಲ್ಲ.

ಬೆಳಿಗ್ಗೆ ಎತ್ತಿದರೆ ಕೂಳಿ ತುಂಬ ಮೀನು. ಸಂಜೆ ಎತ್ತಿದರೂ ಕೂಳಿ ತುಂಬ ಮೀನು. ಹೆಬ್ಬೆರಳಿನಷ್ಟು, ಕಿರುಬೆರಳಿನಷ್ಟು, ಭತ್ತದ ಕಾಳಿನಷ್ಟು ಮರಿಗಳು. ಬಂಡೆಗಳ ಮೇಲೆ ಒಣಹಾಕಿದರು. ಮುಷ್ಟಿ ಮುಷ್ಟಿ ತಿಂದರು. ಜವನಿಯ ಮನೆಯ ಅಡಕಲು ಮಡಕೆಗಳೆಲ್ಲ ತುಂಬಿದವು. ಅವಳು ಎರಡು ಹೊಸ ಮಡಕೆ ತಂದಳು, ಅವೂ ತುಂಬಿದವು.

ಒಳಗಿನ ದನಿ ಇನ್ನಾದರೂ ಸುಮ್ಮನಾಗಬೇಕಿತ್ತಲ್ಲ? ಆಗಲಿಲ್ಲ. ಸಾಲದು, ಸಾಲದು.

ಒಂದು ಮಧ್ಯಾಹ್ನ ಜವನಿ ನೀರು ತರಲು ಹೋದಾಗ ನಡುಬಂಡೆಯ ಬಿಳಿಹುಬ್ಬಿನ ಹಕ್ಕಿ ಮಾತಾಡಿತು. ವರ್ಷಕ್ಕೊಮ್ಮೆ ಮಾತಾಡುವ ಹಕ್ಕಿ ಅದು.

"ಜವನೀ, ಹೊಳೆ ಸಪ್ಪಳಾನೇ ಇಲ್ಲ ಇವತ್ತು."

"ಒಡ್ಡು ಕಟ್ಟಿಲ್ವಾ, ಅದ್ಕೇ."

"ನೀರ್ ಸಪ್ಪಳ ಅಲ್ಲ. ಒಳಗಿನವ್ರ ಸಪ್ಪಳ."

ಜವನಿ ಬಗ್ಗಿ ನೋಡಿದಳು. ಸಸಲು ಮರಿಗಳ ಓಟವಿಲ್ಲ, ಗೆಂಡೆಯ ನೆಗೆತವಿಲ್ಲ. ಕೊಡದಿಂದ ನೀರು ಸರಿಸಿ ಇನ್ನೊಮ್ಮೆ ನೋಡಿದಳು. ಆದರೆ ಕೂಳಿ ಎತ್ತುವ ಹೊತ್ತಾಗಿತ್ತು. ಕೊಡ ತುಂಬಿಕೊಂಡು ಬಿರಬಿರನೆ ಹೊರಟಳು.

ಆಮೇಲೆ ಒಂದರ ಹಿಂದೆ ಒಂದು ನಡೆಯಿತು.

ಮೊದಲು ನೀರುನಾಯಿ ಹೊರಟಿತು. ಹೆಂಡತಿ ಮಕ್ಕಳನ್ನು ಮುಂದೆ ಬಿಟ್ಟುಕೊಂಡು ದಡ ಹತ್ತಿ, "ಉಣ್ಣಾಕಿಲ್ಲದ ಮನೇಲಿ ನೆಂಟ್ರು ಯಾಕಿರ್ಬೇಕು" ಎಂದು ಗೊಣಗಿಕೊಂಡು ಬೇರೆ ಹೊಳೆ ಹುಡುಕಿ ಹೋಯಿತು. ಅದರ ಹಿಂದೆಯೇ ಮಿಂಚುಳ್ಳಿ ಹಾರಿಹೋಯಿತು.

ಆಮೇಲೆ ಕಪ್ಪೆಚಿಪ್ಪುಗಳು ಸೊರಗಿದವು. ಚಿಪ್ಪಿನ ಕೂಸುಗಳಿಗೆ ಕಾಲಿಲ್ಲ, ಈಜು ಬರುವುದಿಲ್ಲ. ಅವು ಮೀನಿನ ಕಿವಿರು ಹಿಡಿದುಕೊಂಡು ಸವಾರಿ ಮಾಡಿ, ದೂರದ ಮರಳಲ್ಲಿ ಇಳಿದು ಮನೆ ಕಟ್ಟುತ್ತವೆ. ಸವಾರಿಗೆ ಮೀನೇ ಇಲ್ಲವಾದಾಗ ಕೂಸುಗಳು ಹುಟ್ಟಿದಲ್ಲೇ ಸತ್ತವು. ಮುದಿ ಚಿಪ್ಪುಗಳು ಒಂದೊಂದಾಗಿ ಬಾಯಿ ಮುಚ್ಚಿ ಮತ್ತೆ ತೆರೆಯಲಿಲ್ಲ. ನೀರು ಕುಡಿದು ಸೋಸಿ ಉಗುಳುವವರು ಯಾರೂ ಉಳಿಯಲಿಲ್ಲ.

ಎಳೆಹೊಳೆ ಬಗ್ಗಡವಾಯಿತು. ಒಡ್ಡಿನ ಹಿಂದೆ ನಿಂತ ನೀರಿಗೆ ಹಸಿರು ಪಾಚಿ ಕಟ್ಟಿತು. ಪಾಚಿ ಕೊಳೆತು ನಾತ ಹೊಡೆಯಿತು. ಗಾಳಿ ಕೂಡ ಮೂಗು ಮುಚ್ಚಿಕೊಂಡು ಸುತ್ತಿ ಬಳಸಿ ಹೋಯಿತು.

ನಿಂತ ನೀರೆಂದರೆ ಸೊಳ್ಳೆಗೆ ತವರುಮನೆ. ಮೊದಲೂ ಸೊಳ್ಳೆ ಅಲ್ಲಿ ಮೊಟ್ಟೆ ಇಡುತ್ತಿತ್ತು. ಆದರೆ ಸೊಳ್ಳೆಮರಿ ಬಾಲ ಅಲ್ಲಾಡಿಸುವಷ್ಟರಲ್ಲಿ ಸಸಲು ಮರಿ ಬಂದು ನುಂಗಿಬಿಡುತ್ತಿತ್ತು. ಈಗ ನುಂಗುವವರಿಲ್ಲ. ಸೊಳ್ಳೆಮರಿಗಳೆಲ್ಲ ಬೆಳೆದವು, ರೆಕ್ಕೆ ಬಂತು, ಹಟ್ಟಿಯ ಮೇಲೆ ಹೊಗೆಯ ಹಾಗೆ ಎದ್ದವು. ಬಿಳಿಹುಬ್ಬಿನ ಹಕ್ಕಿ ಕೂತಲ್ಲೇ ತಿಂದು ತಿಂದು ಹೊಟ್ಟೆ ಬಿರಿಯುವಷ್ಟಾಯಿತು, ಆದರೂ ಒಂದು ಮೂಲೆಯದು ಕೂಡ ಮುಗಿಯಲಿಲ್ಲ.

ಹಟ್ಟಿಯಲ್ಲಿ ಎಲ್ಲರೂ ಪಟಪಟನೆ ಮೈ ಹೊಡೆದುಕೊಳ್ಳುವವರೇ. ಬೇವಿನ ಸೊಪ್ಪಿನ ಹೊಗೆ ಹಾಕಿದರು. ಹೊಂಗೆ ಎಣ್ಣೆ ಬಳಿದುಕೊಂಡರು. ಯಾರಿಗೂ ನಿದ್ದೆಯಿಲ್ಲ, ಯಾರಿಗೂ ನೆಮ್ಮದಿಯಿಲ್ಲ.

ಚಳಿಜ್ವರ ಬಂತು. ಮೊದಲು ಬಂದದ್ದು ಪುಟ್ಟೀರಿಗೆ.

ಒಂದು ದಿನ ಮೈ ಕೆಂಡ, ಗಡಗಡ ನಡುಕ. ಮರುದಿನ ಬಿಟ್ಟಂತೆ ಆಗುತ್ತಿತ್ತು. ಅದರ ಮರುದಿನ ಮತ್ತೆ ಕೆಂಡ. ಸಾತಜ್ಜಿ ಅಮೃತಬಳ್ಳಿ ಜಜ್ಜಿ ಕಷಾಯ ಕುಡಿಸಿದಳು. ಮಂಚ ಬೆಟ್ಟದ ಮೇಲಿನ ದೇವರಿಗೆ ಹರಕೆ ಹೊತ್ತ. ಜವನಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಒಳಗಿಂದ ಹೊರಗೆ, ಹೊರಗಿಂದ ಒಳಗೆ ತಿರುಗಿದಳು. ಮಡಕೆಗಳ ತುಂಬ ಒಣಮೀನಿತ್ತು. ಮಗು ಒಂದು ಚೂರನ್ನೂ ಬಾಯಿಗೆ ಮುಟ್ಟಿಸಲಿಲ್ಲ.

ಹಾಗೆ ತಿರುಗುವಾಗ ಪುಟ್ಟೀರಿಯ ಕೈ ಮೂಲೆಯಲ್ಲಿದ್ದ ಹೊಸ ಕೂಳಿಗೆ ತಗುಲಿತು. ಬೆರಳುಗಳು ಸಂದಿನೊಳಗೆ ಜಾರಿದವು. ಎರಡಲ್ಲ, ಮೂರು ಬೆರಳು ಒಟ್ಟಿಗೆ ಇಳಿದವು.

ಜವನಿ ನೋಡಿಯೇ ನೋಡಿದಳು. ಆ ಸಂದನ್ನು ಬಿಟ್ಟವಳು ಅವಳೇ. ಅಷ್ಟು ಕಿರಿದಾದ ಸಂದಿನಲ್ಲಿ ಮೂರು ಬೆರಳು ಹೋಗುವಷ್ಟು ಅವಳ ಮಗಳು ಸೊರಗಿದ್ದಳು.

"ನಂದೇ ತಪ್ಪು" ಎಂದಳು ಜವನಿ. ಯಾರೂ ಕೇಳಿರಲಿಲ್ಲ, ಆದರೂ ಗಟ್ಟಿಯಾಗಿ ಅಂದಳು. "ಸೊಳ್ಳೇದಲ್ಲ, ದೇವ್ರುದಲ್ಲ. ಇದು ನನ್ ಕೈ ಮಾಡಿದ್ದು."

ಅವಳು ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಹೊಳೆಗೆ ಇಳಿದಳು. ಒಡ್ಡಿನಲ್ಲಿದ್ದ ತನ್ನ ಕೂಳಿಗಳನ್ನು ಕಿತ್ತು ಕಾಲಲ್ಲಿ ತುಳಿದು ಮುರಿದಳು. ಪಕ್ಕದವರ ಕೂಳಿಗೆ ಕೈ ಹಾಕಿದಾಗ ಹಟ್ಟಿಯವರು ಓಡಿಬಂದರು. "ನಿಂಗೇನ್ ತಲೆ ಕೆಟ್ಟದಾ? ಅಳತೆ ಕೊಟ್ಟೋಳು ನೀನೇ!" ಎಂದು ಕೂಗಿದರು. "ಹೌದು, ನಾನೇ" ಎಂದಳು ಜವನಿ. "ಅದ್ಕೇ ಕೀಳ್ತಾ ಇವ್ನಿ." ಮಂಚ ಹೆಂಡತಿಯ ಪಕ್ಕ ನೀರಿಗೆ ಇಳಿದು ಕಲ್ಲು ಎತ್ತಿ ದಡಕ್ಕೆ ಎಸೆಯತೊಡಗಿದ.

ಒಡ್ಡಿಗೆ ಒಂದು ಬಾಯಿ ಬಿತ್ತು. ನೀರು ನುಗ್ಗಿತು. ಆದರೆ ಆ ನೀರಿನಲ್ಲಿ ಒಂದು ಜೀವವೂ ಇರಲಿಲ್ಲ.

"ಎಲ್ಲಿ ಹೋದ್ವು?" ಎಂದು ಜವನಿ ಹೊಳೆಯನ್ನು ಕೇಳಿದಳು.

ಎಳೆಹೊಳೆಗೆ ದನಿಯೇ ಏಳುತ್ತಿರಲಿಲ್ಲ. "ಮೇಲ್ಗಡೆ ಬಂಡೆ ಮಡು ಐತಲ್ಲ, ಅಲ್ಲಿ ಒಸಿ ಉಳ್ಕಂಡವೆ. ಕರೆದ್ರೆ ಬರಾಕಿಲ್ಲ. ನನ್ ಮಾತ್ನೂ ನಂಬಾಕಿಲ್ಲ ಈಗ."

ಜವನಿ ನಡೆದಳು. ಬೆನ್ನಿನ ಮೇಲೆ ಮಗು ಸುಡುತ್ತಿತ್ತು, ಕಾಲಡಿ ಬಂಡೆ ಸುಡುತ್ತಿತ್ತು. ಹೊಳೆ ಪಕ್ಕದಲ್ಲೇ ಇತ್ತು, ಆದರೆ ಎಂದಿನ ಹಾಗೆ ಇತ್ಲಾಗೋ ಅತ್ಲಾಗೋ ಎಂದು ಕೇಳಲಿಲ್ಲ. ಅದು ಸುಮ್ಮನಿದ್ದುದಕ್ಕೇ ಅವಳಿಗೆ ಹೆಚ್ಚು ಹೆದರಿಕೆಯಾಯಿತು.

ಬಂಡೆಗಳ ಬುಡದಲ್ಲಿ ಆಳವಾದ ಮಡು. ಜವನಿ ಅಂಚಿನಲ್ಲಿ ಮಂಡಿಯೂರಿದಳು. ತುಟಿ ಹರಿದ ಒಂದು ಮುದಿ ಗೆಂಡೆ ಮೇಲೆ ಬಂತು. ಅದರ ಹಿಂದೆ ಕತ್ತಲಲ್ಲಿ ಒಂದಿಷ್ಟು ಮರಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು.

"ಯಾಕ್ ಬಂದೆ?" ಎಂದಿತು ಗೆಂಡೆ. "ಇಷ್ಟೇ ಇರೋದು. ಇವೂ ಬೇಕಾ?"

"ನನ್ ಮಗಾ ಸಾಯ್ತಾ ಐತೆ ಕಣವ್ವಾ."

"ನನ್ ಮಕ್ಳು ಸತ್ವು" ಎಂದಿತು ಗೆಂಡೆ.

ಜವನಿ ಅಳುತ್ತಾ ಕೂತಳು. ಬೆನ್ನ ಮೇಲಿನ ಮಗುವೂ ಅತ್ತಿತು, ಕುರಿಮರಿಯ ಹಾಗೆ ಸಣ್ಣ ದನಿಯಲ್ಲಿ. ಆ ಅಳು ಕೇಳಿ ಮುದಿ ಗೆಂಡೆ ಮಡುವಿನಲ್ಲಿ ಮೂರು ಸುತ್ತು ಸುತ್ತಿತು. ಕೊನೆಗೆ ಮತ್ತೆ ಮೇಲೆ ಬಂತು.

"ಕೆಳೀಕೆ ಬತ್ತೀವಿ. ಸೊಳ್ಳೆಮರಿ ತಿಂತೀವಿ. ಆದ್ರೆ ನಿಮ್ ಬೆಳ್ಳು ನಂಬಾಕಿಲ್ಲ. ಬೆಳ್ಳು ಹಸಿದಾಗ ಒಂದು ತರ, ಹೊಟ್ಟೆ ತುಂಬಿದಾಗ ಒಂದು ತರ. ಬೇರೆ ಅಳತೆ ತಗೊಂಡ್ ಬಾ."

"ಒಂದು ಕಡ್ಡಿ ಕೆತ್ತಿ ಇಡ್ಲಾ?"

"ಕೆತ್ತೋ ಕೈ ಯಾರ್ದು?"

ಜವನಿ ತಲೆ ತಗ್ಗಿಸಿದಳು.

"ಹಿಗ್ಗಬಾರ್ದು, ಕುಗ್ಗಬಾರ್ದು. ನಮ್ಮನ್ನ ತಿನ್ನೋರ್ದು ಆಗಿರ್ಬಾರ್ದು. ಅಂತ ಅಳತೆ ಸಿಕ್ಕಿದ್ ದಿನ ಇಳೀತೀವಿ" ಎಂದು ಗೆಂಡೆ ಮರಿಗಳನ್ನು ಕರೆದುಕೊಂಡು ಆಳಕ್ಕೆ ಹೋಯಿತು.

ಜವನಿ ಹೊಳೆಯ ಉದ್ದಕ್ಕೂ ಹುಡುಕುತ್ತಾ ಬಂದಳು. ಕೊಕ್ಕರೆಯ ಕೊಕ್ಕು? ಅದು ಮೀನು ತಿನ್ನುತ್ತದೆ. ಹಾವಿನ ತಲೆ? ಅದೂ ತಿನ್ನುತ್ತದೆ. ಆಮೆಯ ಚಿಪ್ಪು ದೊಡ್ಡದು, ಏಡಿಯ ಕೊಂಡಿ ತಗುಲಿದರೆ ಬಿದಿರೇ ತುಂಡಾಗುತ್ತದೆ. ಹೊತ್ತು ಇಳಿಯುತ್ತಿತ್ತು. ಮಗು ಅಳುವುದನ್ನೂ ನಿಲ್ಲಿಸಿತ್ತು. ಜವನಿ ಹೆಜ್ಜೆಗೊಮ್ಮೆ ಬೆನ್ನ ಹಿಂದೆ ಕೈ ಹಾಕಿ, ಉಸಿರಾಡುತ್ತಿದೆಯೇ ಎಂದು ಮುಟ್ಟಿ ನೋಡುತ್ತಿದ್ದಳು.

ಹಟ್ಟಿಯ ಹತ್ತಿರ ಬಂದಾಗ ನಡುಬಂಡೆಯ ಮೇಲೆ ಬಿಳಿಹುಬ್ಬಿನ ಹಕ್ಕಿ ಕಂಡಿತು. ಕೂತಲ್ಲೇ ಕೂತಿತ್ತು. ಒಂದು ಸೊಳ್ಳೆ ಹಿಡಿಯಿತು, ಇನ್ನೊಂದು ಹಿಡಿಯಿತು. ಜವನಿ ಅದರ ಬಾಲ ನೋಡಿದಳು. ಆಗ ಆ ಬಾಲ ಈಗಿನ ಹಾಗೆ ಸವೆದಿರಲಿಲ್ಲ. ಉದ್ದ, ನೇರ, ಅಗಲ ಸರಿಯಾಗಿ ಎರಡು ಬೆರಳು.

ಎದೆಮಟ್ಟದ ನೀರಲ್ಲಿ ನಡೆದು ಅವಳು ಬಂಡೆಯ ಬಳಿಗೆ ಹೋಗಿ ಎಲ್ಲವನ್ನೂ ಹೇಳಿದಳು.

"ಅಂದ್ರೆ ಕೂಳಿ ಕೂಳಿಗೂ ಹೋಗ್ಬೇಕು" ಎಂದಿತು ಹಕ್ಕಿ.

"ಹೂಂ."

"ಸಂದು ಸಂದಿಗೂ ಬಾಲ ಇಳ್ಸಿ ಎತ್ಬೇಕು."

"ಹೂಂ ಕಣಪ್ಪಾ."

"ನಂಗೆ ಕೂತ್ಕಳೋದು ಬಿಟ್ರೆ ಬೇರೆ ಸುಖ ಗೊತ್ತಿಲ್ಲ, ಜವನೀ. ಎಷ್ಟು ದಿನ ಮಾಡ್ಬೇಕು? ಮಗಾ ವಾಸಿಯಾಗೋ ಗಂಟನಾ?"

ಜವನಿ ಹೌದು ಎನ್ನಬಹುದಿತ್ತು. ಹಕ್ಕಿ ಒಪ್ಪುತ್ತಿತ್ತೋ ಏನೋ. ಅವಳ ಬಾಯಿಗೆ ಆ ಮಾತು ಬಂತು ಕೂಡ. ಆದರೆ ಬೆನ್ನಿನ ಮೇಲೆ ಮಗುವಿನ ಬಿಸಿಯುಸಿರು ಕುತ್ತಿಗೆಗೆ ತಾಗುತ್ತಿತ್ತು.

"ಇಲ್ಲ" ಎಂದಳು. "ನಿಂಗೆ ಸುಳ್ಳು ಹೇಳಾಕಿಲ್ಲ. ಇವ್ಳು ವಾಸಿಯಾಗಿ ಎದ್ದು ಕೂತ ದಿನವೇ ನನ್ ಕೈ ಮತ್ತೆ ತುರಿಸ್ತದೆ. ಸಾಲ್ದು ಅನ್ನಿಸ್ತದೆ. ಈಗ್ಲೂ ಅನ್ನಿಸ್ತಾ ಐತೆ. ನನ್ನ ನಂಬಬ್ಯಾಡ. ನನ್ ಮಗ್ಳು ದೊಡ್ಡೋಳಾದ್ರೆ ಅವ್ಳನ್ನೂ ನಂಬಬ್ಯಾಡ. ನೋಡ್ಕಂತಾನೇ ಇರ್ಬೇಕು ನೀನು."

ಹಕ್ಕಿ ಒಡ್ಡಿನ ಉದ್ದಕ್ಕೂ ಕಣ್ಣು ಹಾಯಿಸಿತು. ಅದು ಹೊತ್ತುಗಟ್ಟಲೆ ಸುಮ್ಮನೆ ಕೂತ ಕಾಲ ಅಲ್ಲಿಗೆ ಮುಗಿಯಿತು. ಆಮೇಲೆ ಬೆನ್ನ ಮೇಲೆ ಮಲಗಿದ್ದ ಬಸವನಹುಳುವನ್ನು ಮೆಲ್ಲಗೆ ಬಂಡೆಗೆ ಇಳಿಸಿ, ರೆಕ್ಕೆ ಬಿಚ್ಚಿತು.

ಒಡ್ಡಿನ ಮೇಲೆ ಇಳಿದು ಮೊದಲ ಕೂಳಿಗೆ ಬಾಲ ಇಟ್ಟಿತು. ಬಾಲ ಸಿಕ್ಕಿಕೊಂಡಿತು. "ಚಿಜ್ಜೀ! ಚಿಜ್ಜೀ!" ಎಂದು ಹಟ್ಟಿಗೆಲ್ಲ ಕೇಳುವ ಹಾಗೆ ಕಿರುಚಿತು. ಪುಟ್ಟ ಹಕ್ಕಿಗೆ ಅಷ್ಟು ದೊಡ್ಡ ಗಂಟಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಮಂಚ ಆ ಕೂಳಿಯನ್ನು ಕಿತ್ತ. ಹಕ್ಕಿ ಎರಡನೆಯದಕ್ಕೆ ಓಡಿತು. "ಚಿಜ್ಜೀ!" ಸಾತಜ್ಜಿ ಬಂದು ಅದನ್ನು ಕಿತ್ತಳು. "ನಾನು ಅವತ್ತು ನಕ್ಕಿದ್ದೇ ತಪ್ಪಾಯ್ತು" ಎಂದು ಕಣ್ಣೊರೆಸಿಕೊಂಡಳು. ಅಜ್ಜಿಯೇ ಕಿತ್ತ ಮೇಲೆ ಉಳಿದವರು ಏನು ಹೇಳಿಯಾರು? ಒಬ್ಬೊಬ್ಬರಾಗಿ ನೀರಿಗೆ ಇಳಿದರು. ಹೊತ್ತು ಮುಳುಗುವುದರೊಳಗೆ ಒಡ್ಡು ಒಡೆದು ಹೊಳೆಗೆ ಮತ್ತೆ ದನಿ ಬಂತು.

ಹಕ್ಕಿ ಮಡುವಿಗೆ ಹಾರಿ ಮುದಿ ಗೆಂಡೆಗೆ ತನ್ನ ಬಾಲ ತೋರಿಸಿತು. ಮೂರನೆಯ ದಿನ ಮಡುವಿನಿಂದ ಮರಿಗಳು ಇಳಿದು ಬಂದವು. ಹಕ್ಕಿ ಮುಂದೆ ಮುಂದೆ ಕಲ್ಲಿನಿಂದ ಕಲ್ಲಿಗೆ ಓಡಿ ದಾರಿ ನೋಡಿತು, ಮರಿಗಳು ಹಿಂದೆ ಹಿಂದೆ ಬಂದವು. ಹಸಿದ ಮರಿಗಳು ಸೊಳ್ಳೆಮರಿಗಳನ್ನು ಬಿಡಲಿಲ್ಲ. ತಿಂಗಳು ಕಳೆಯುವಷ್ಟರಲ್ಲಿ ಹಟ್ಟಿಯ ಮೇಲಿನ ಸೊಳ್ಳೆಯ ಹೊಗೆ ತೆಳುವಾಯಿತು. ಪುಟ್ಟೀರಿಯ ಜ್ವರ ದಿನ ಬಿಟ್ಟು ದಿನ ಬರುತ್ತಿದ್ದುದು ವಾರಕ್ಕೊಮ್ಮೆಯಾಯಿತು. ಆಮೇಲೆ ಒಂದು ಬೆಳಿಗ್ಗೆ ಅವಳು ಎದ್ದು ಕೂತು ಅಮ್ಮನ ಮೂಗು ಹಿಡಿದಳು. ಜವನಿ ಬಿಕ್ಕಿ ಬಿಕ್ಕಿ ಅತ್ತಳು. ಅಷ್ಟು ಸಂತೋಷ ಅವಳಿಗೆ ಹಿಂದೆಂದೂ ಆಗಿರಲಿಲ್ಲ.

ಎಲ್ಲವೂ ಮೊದಲಿನ ಹಾಗೆ ಆಯಿತೆಂದು ತಿಳಿಯಬೇಡಿ. ನೀರುನಾಯಿ ಬರಲು ನಾಲ್ಕು ಮಳೆಗಾಲ ಹಿಡಿಯಿತು. ಚಿಪ್ಪಿನ ಕೂಸುಗಳು ಮನೆ ಕಟ್ಟಿ, ನೀರು ತಿಳಿಯಾಗಿ, ತಳದ ಮರಳು ಕಾಣುವಷ್ಟರಲ್ಲಿ ಪುಟ್ಟೀರಿ ಲಂಗ ಉಡುವ ಹುಡುಗಿಯಾಗಿದ್ದಳು. ಕೆಲವು ಮೀನು ಮರಳಿ ಬರಲೇ ಇಲ್ಲ. ಅವುಗಳ ಹೆಸರು ಏನೆಂದು ಈಗ ಯಾರಿಗೂ ಗೊತ್ತಿಲ್ಲ.

ಹಕ್ಕಿಗೋ, ಒಂದೇ ಒಂದು ಸಲ ಹಳೆಯ ಸುಖ ನೆನಪಾಯಿತು. ಎಲ್ಲರೂ ಸರಿಹೋಗಿದ್ದಾರಲ್ಲ, ಒಂದು ಗಳಿಗೆ ಕೂರೋಣ ಎಂದು ನಡುಬಂಡೆಯ ಮೇಲೆ ಕೂತಿತು. ಇಳಿಸಿ ಎತ್ತಿ ರೂಢಿಯಾದ ಬಾಲ ನಿಲ್ಲಿಸಿತು. ಕಣ್ಣು ಮುಚ್ಚಿತು.

ಆಗ ದಡದಲ್ಲಿ ಕಿರ್ ಎಂದು ಬಿದಿರು ಸರಿದ ಸದ್ದಾಯಿತು.

ಹಕ್ಕಿ ಕಣ್ಣು ಬಿಟ್ಟು ನೋಡಿದರೆ ಜವನಿ. ಬಂಡೆಯ ಮೇಲೆ ಕೂತು ಹೊಸ ಕೂಳಿ ಹೆಣೆಯುತ್ತಿದ್ದಳು. ಎದುರಿಗೆ ಪುಟ್ಟೀರಿ ದುಂಡು ಕೆನ್ನೆ ಉಬ್ಬಿಸಿಕೊಂಡು ಆಡುತ್ತಿದ್ದಳು. ಜವನಿಯ ಕಣ್ಣು ಮಗಳ ಮೇಲಿತ್ತು. ಅವಳ ಕೈ ತನ್ನಷ್ಟಕ್ಕೆ ತಾನು ಒಂದು ಸೀಳನ್ನು ಇನ್ನೊಂದರ ಹತ್ತಿರಕ್ಕೆ ತಳ್ಳುತ್ತಿತ್ತು. ಸ್ವಲ್ಪ, ಇನ್ನೂ ಸ್ವಲ್ಪ.

ಹಕ್ಕಿ ಹಾರಿ ಬಂದು ಆ ಸಂದಿಗೆ ಬಾಲ ಇಳಿಸಿತು. ಸಿಕ್ಕಿಕೊಂಡಿತು. "ಚಿಜ್ಜೀ!"

ಜವನಿ ಬೆಚ್ಚಿಬಿದ್ದಳು. ತನ್ನ ಕೈಯನ್ನು ತಾನೇ ನೋಡಿಕೊಂಡಳು. ನಾಚಿಕೆಯಿಂದ ಅವಳ ಮುಖ ಕೆಂಪಾಯಿತು.

"ನಾನ್ ಹೇಳಿರ್ಲಿಲ್ವಾ, ನನ್ನ ನಂಬಬ್ಯಾಡ ಅಂತ" ಎಂದಳು ಮೆಲ್ಲಗೆ, ಸೀಳನ್ನು ಹಿಂದಕ್ಕೆ ಸರಿಸುತ್ತಾ. "ಯಾಕ್ ಕುಂತ್ಕಂಡೆ ನೀನು?"

ಅದೇ ಕೊನೆ. ಆಮೇಲೆ ಆ ಹಕ್ಕಿ ಬಾಲ ನಿಲ್ಲಿಸಲಿಲ್ಲ. ಅದರ ಮಕ್ಕಳೂ ನಿಲ್ಲಿಸಲಿಲ್ಲ, ಮೊಮ್ಮಕ್ಕಳೂ ನಿಲ್ಲಿಸಲಿಲ್ಲ. ಬಾಲ ಕುಣಿಸಿ ಕುಣಿಸಿ ಸವೆದು ಸಣ್ಣಗಾಯಿತು. ಕಾರಣ ಗೊತ್ತಿಲ್ಲದವರು ನಗಾಡಿ, ಕುಂಡೆ ಕುಲುಕಿಸುತ್ತದೆಂದು ಅದಕ್ಕೆ ಕುಂಡೆಕುಸ್ಕ ಎಂದು ಹೆಸರಿಟ್ಟರು. ಹಕ್ಕಿಗೆ ಅದರಿಂದ ಬೇಸರವೇನಿಲ್ಲ. ಬೇಸರ ಮಾಡಿಕೊಳ್ಳಲು ಅದಕ್ಕೆ ಪುರುಸೊತ್ತಿಲ್ಲ.

ಇವತ್ತಿಗೂ ನೀವು ಕೆರೆಯ ಏರಿಗೋ ಕಾಲುವೆಯ ದಡಕ್ಕೋ ಹೋದರೆ, ಕಪ್ಪು ಬಿಳಿಯ ಆ ಪುಟ್ಟ ಹಕ್ಕಿ ಬಾಲ ಮೇಲೆ ಕೆಳಗೆ, ಮೇಲೆ ಕೆಳಗೆ ಮಾಡುತ್ತಾ ಓಡಾಡುವುದನ್ನು ಕಾಣುತ್ತೀರಿ. ಎಲ್ಲಾದರೂ ದೊಡ್ಡ ಅಣೆಕಟ್ಟೆಗೆ ಹೋದಾಗ ಗೋಡೆಯ ಮೇಲ್ಗಡೆ ಸರಿಯಾಗಿ ನೋಡಿ, ಅಲ್ಲೂ ಅದು ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ಓಡುತ್ತಲೇ ಇರುತ್ತದೆ, ಬಾಲ ಇಳಿಸಲು ಒಂದೇ ಒಂದು ಸಂದೂ ಸಿಗದೆ ಚಿಜ್ಜೀ ಚಿಜ್ಜೀ ಎಂದು ಕೂಗುತ್ತಿರುತ್ತದೆ.